ಗೋಡೆಯಾಚೆ ಚಾಚಿದ ಕೊಂಬೆ

ನೆರೆಹೊರೆಯ ಜಗಳಗಳಲ್ಲಿ ಮರದ ಜಗಳದ ರೀತಿಯೇ ಬೇರೆ. ನೀರಿನ ಜಗಳ ಒಳ್ಳೆಯ ಮಳೆಯಾದರೆ ತಣ್ಣಗಾಗುತ್ತದೆ. ದಾರಿಯ ಜಗಳ ಪಂಚರು ಕೂತರೆ ಬಗೆಹರಿಯುತ್ತದೆ. ಮರದ ಜಗಳ ಮಾತ್ರ ಮರದ ಜೊತೆಗೇ ವರುಷ ವರುಷ ಬೆಳೆಯುತ್ತ ಹೋಗುತ್ತದೆ. ಅಜ್ಜ ನೆಟ್ಟ ಬೇವು ಮೊಮ್ಮಗನ ಕಾಲಕ್ಕೆ ಪಕ್ಕದ ಮನೆಯ ಮಾಳಿಗೆಯ ಮೇಲೆ ನೆರಳು ಚೆಲ್ಲುತ್ತದೆ. ಆ ನೆರಳಿನ ಜೊತೆಗೆ ಎಲೆ, ಹೂವು, ಹಣ್ಣು, ಹಕ್ಕಿಯ ಹಿಕ್ಕೆ ಎಲ್ಲವೂ ಬೀಳುತ್ತವೆ. ಆಗ ಒಂದು ದಿನ ಬಾಗಿಲಲ್ಲಿ ದೂರು ಬಂದು ನಿಲ್ಲುತ್ತದೆ.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ವ್ಯಾಪಾರಿ ಮನೆತನಗಳಿಗೆ ಇದು ಹೊಸ ಮಾತಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿಯೂ ತಾಂಡೂರು ಕಲಬುರಗಿ ಜಿಲ್ಲೆಯಲ್ಲಿಯೂ ಇದ್ದವು. ಇಂದು ಮೊದಲಿನ ಎರಡು ಸಂಗಾರೆಡ್ಡಿ ಜಿಲ್ಲೆಗೆ, ಮೂರನೆಯದು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. ರಾಜ್ಯ ಬದಲಾದರೂ ಹಳೆಯ ಓಣಿಗಳ ರೀತಿ ಬದಲಾಗಲಿಲ್ಲ. ಮುಂದೆ ಅಂಗಡಿ, ಒಳಗೆ ಮನೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಒಂದು ಬೇವೋ ಮಾವೋ ಹುಣಸೆಯೋ. ಗೋಡೆಗೆ ಗೋಡೆ ಅಂಟಿಕೊಂಡೇ ಇನ್ನೊಬ್ಬರ ಮನೆ. ಆ ಇನ್ನೊಬ್ಬರು ಬರೀ ನೆರೆಯವರಲ್ಲ, ನಮ್ಮ ಗಿರಾಕಿ, ನಮ್ಮಲ್ಲಿ ಉದ್ರಿ ಉಳ್ಳವರು, ನಮ್ಮ ತೊಗರಿಗೆ ಲಾರಿ ಹಿಡಿದುಕೊಡುವವರು. ಹೀಗಿರುವಾಗ ಮರದ ಮೇಲಿನ ಒಂದು ಒರಟು ಮಾತು ಹಿತ್ತಲಿಂದ ಹೊರಟು ಅಂಗಡಿಯ ಗಲ್ಲೆಯವರೆಗೆ ಬರುತ್ತದೆ.

ದೂರು ಬಂದ ದಿನ

"ಸಾವಕಾರ್ರೇ, ನಿಮ್ಮ ಬೇವಿನ ಗಿಡದ ಎಲಿ ಎಲ್ಲಾ ನಮ್ಮ ಮಾಳಗಿ ಮ್ಯಾಲ ಬೀಳಾಕತ್ಯಾವ್ರಿ. ಮಳಿ ಬಂದ್ರ ನೀರು ಹೋಗೂದಿಲ್ಲ, ಮನಿ ಸೋರ್ತದ" ಎಂದು ನೆರೆಯವರು ಹೇಳಿದರೆನ್ನಿ. ಇದಕ್ಕೆ ಎರಡು ಬಗೆಯ ಉತ್ತರ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತವೆ. "ಗಿಡ ನಮ್ಮದಾದ್ರೂ ಎಲಿ ಗಾಳಿದು, ನಾವೇನ್ ಮಾಡೂಣು?" ಎಂಬುದು ಒಂದು. "ನಾವು ಜೈನರು, ಗಿಡಕ್ಕ ಕೊಡಲಿ ಹಾಕೂದಿಲ್ಲ" ಎಂಬುದು ಇನ್ನೊಂದು. ಮೊದಲನೆಯದು ಉಡಾಫೆ ಎಂದು ಎಲ್ಲರಿಗೂ ತಿಳಿಯುತ್ತದೆ. ಎರಡನೆಯದು ಧರ್ಮದ ಮಾತಿನಂತೆ ಕೇಳಿಸುವುದರಿಂದ ಹೆಚ್ಚು ಅಪಾಯದ್ದು.

ವನಸ್ಪತಿಯೂ ಜೀವವೇ, ಏಕೇಂದ್ರಿಯ ಸ್ಥಾವರ ಜೀವ ಎಂಬುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಆದರೆ ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದೂ ನಮ್ಮ ಆಚಾರ್ಯರು ಹೇಳಿದ್ದಾರೆ. ಒಣಗಿದ ಕೊಂಬೆ ಪಕ್ಕದವರ ಅಂಗಳದ ಮೇಲೆ ತೂಗುತ್ತಿದೆ, ಅದರ ಕೆಳಗೆ ಅವರ ಮಗು ಆಡುತ್ತಿದೆ. ಇದನ್ನು ಕಂಡೂ ಅಹಿಂಸೆಯ ಹೆಸರು ಹೇಳಿ ಸುಮ್ಮನೆ ಕೂತರೆ ಅದು ಅಹಿಂಸೆಯಲ್ಲ, ಪ್ರಮಾದ. ಹಾಗೆಯೇ ನಾಲ್ಕು ಎಲೆ ಬಿದ್ದವೆಂದು, ಜಗಳ ಬೇಡವೆಂದು ಐವತ್ತು ವರ್ಷದ ಮರವನ್ನು ಬುಡಸಹಿತ ಕಡಿಸುವುದೂ ಅನರ್ಥದಂಡವೇ. ಇವೆರಡರ ನಡುವೆ ಶ್ರಾವಕನಿಗೆ ದಾರಿ ಯಾವುದು?

ಆರು ಜನ, ಒಂದು ಮರ

ಆ ದಾರಿಯನ್ನು ನಮ್ಮವರು ಬಹು ಹಿಂದೆಯೇ ಒಂದು ಮರದ ಕತೆಯಲ್ಲಿ ಹೇಳಿಟ್ಟಿದ್ದಾರೆ. ಹಸಿದ ಆರು ಜನ ದಾರಿಹೋಕರು ಹಣ್ಣು ತುಂಬಿದ ಮರವೊಂದನ್ನು ಕಂಡರು. ಬೇರುಸಹಿತ ಕಿತ್ತು ಹಣ್ಣು ತಿನ್ನೋಣವೆಂದು ಒಬ್ಬ ಎಣಿಸಿದ. ಕಾಂಡ ಕಡಿದರೆ ಸಾಕೆಂದು ಎರಡನೆಯವ, ದೊಡ್ಡ ಕೊಂಬೆ ಸಾಕೆಂದು ಮೂರನೆಯವ, ಸಣ್ಣ ರೆಂಬೆ ಸಾಕೆಂದು ನಾಲ್ಕನೆಯವ, ಹಣ್ಣಷ್ಟೇ ಕೀಳೋಣವೆಂದು ಐದನೆಯವ ಯೋಚಿಸಿದರು. ಆರನೆಯವನು ಬಿದ್ದ ಹಣ್ಣೇ ಸಾಕೆಂದುಕೊಂಡ. ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳಿಗೆ ಇದು ದೃಷ್ಟಾಂತ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಇದು ಬಂದಿದೆ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಚಿತ್ರಗಳಲ್ಲಿಯೂ ಈ ಮರ ಮತ್ತು ಆರು ಜನರನ್ನು ಕಾಣಬಹುದು. ಯಾತ್ರೆಗೆ ಹೋದಾಗ ಮಕ್ಕಳಿಗೆ ತೋರಿಸಲು ಮರೆಯಬೇಡಿ.

ಆರೂ ಜನರಿಗೆ ಹಸಿವು ಒಂದೇ, ಬೇಕಾದದ್ದೂ ಒಂದೇ. ಎಷ್ಟು ಕಡಿದರೆ ಸಾಕು ಎಂಬ ಲೆಕ್ಕದಲ್ಲಿ ಮಾತ್ರ ವ್ಯತ್ಯಾಸ. ಮರದ ದೂರು ಬಂದಾಗಲೂ ಇದೇ ಏಣಿಯನ್ನು ಕೆಳಗಿನಿಂದ ಏರಬೇಕು. ಬಿದ್ದದ್ದರಿಂದ ಆರಂಭಿಸಿ, ತೊಂದರೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ಕತ್ತಿಯನ್ನೂ ನಿಲ್ಲಿಸಬೇಕು.

ಮೊದಲು ನೋಡಿ, ಆಮೇಲೆ ಕತ್ತರಿಸಿ

ದೂರು ತಂದವರಿಗೆ ಕೊಡಬಹುದಾದ ಒಳ್ಳೆಯ ಉತ್ತರ, "ಬರ್ರಿ ಕಾಕಾ, ಕೂಡ್ರಿ. ಚಹಾ ಕುಡೀರಿ. ಆಮ್ಯಾಲ ನಿಮ್ಮ ಮಾಳಗಿ ಮ್ಯಾಲ ಹೋಗಿ ನೋಡೋಣು." ಅವರ ಕಡೆಯಿಂದ ನಿಂತು ನೋಡಿದರೆ ನಮ್ಮ ಮರ ಬೇರೆಯಾಗಿಯೇ ಕಾಣುತ್ತದೆ. ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಎಲೆ ಬಿದ್ದು ನೀರು ಕಟ್ಟುವುದೇ ತೊಂದರೆಯಾದರೆ ಮರಕ್ಕೆ ಕೈಹಚ್ಚುವ ಅಗತ್ಯವಿಲ್ಲ. ಬೇವು ಎಲೆ ಉದುರಿಸುವುದು ಹೆಚ್ಚಾಗಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ. ಆ ದಿನಗಳಲ್ಲಿ ಅವರ ಮಾಳಿಗೆ ಗುಡಿಸಲು ನಮ್ಮ ಖರ್ಚಿನಲ್ಲಿ ಆಳನ್ನು ಕಳಿಸಬಹುದು. ನೀರು ಹೋಗುವ ಬಾಯಿಗೆ ಜಾಲಿ ಹಾಕಿಸಿಕೊಡಬಹುದು. ಮರ ಕಡಿಸುವ ಕೂಲಿಯ ಮುಂದೆ ಇದು ಏನೂ ಅಲ್ಲ.

ಕೊಂಬೆಯೇ ತೊಂದರೆಯಾದರೆ ಆ ಕೊಂಬೆ ಮಾತ್ರ. ಮೊದಲು ಗೂಡು ಇದೆಯೇ ನೋಡಿ. ಕಾಯ್ದೆಯ ಪಟ್ಟಿಯಲ್ಲಿರುವ ಪಕ್ಷಿಗಳ ಗೂಡು, ಮೊಟ್ಟೆಗಳನ್ನು ಕೆಡಿಸುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಮರಿ ಹಾರಿಹೋಗುವವರೆಗೆ ಕೆಲವು ವಾರ ತಡೆದರೆ ನಷ್ಟವಿಲ್ಲ. ಮಾವಾದರೆ ಹಣ್ಣು ಇಳಿಸಿದ ಮೇಲೆ ಸವರಬೇಕು. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕಡಿದರೆ ಅದು ತನ್ನ ಭಾರಕ್ಕೆ ಸಿಗಿದು ಕಾಂಡದ ತೊಗಟೆಯನ್ನೂ ಎಳೆದುಕೊಂಡು ಬೀಳುತ್ತದೆ. ಆದ್ದರಿಂದ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಒಂದು ಗಾಯ, ಆಮೇಲೆ ಅದರಾಚೆ ಮೇಲಿನಿಂದ ಕೊಯ್ತ, ಕೊನೆಗೆ ಉಳಿದ ಮೋಟನ್ನು ಕಾಂಡದ ಹತ್ತಿರದ ಉಬ್ಬಿಗೆ ಹೊಂದಿಸಿ ಕತ್ತರಿಸುವುದು. ಆ ಉಬ್ಬನ್ನು ಉಳಿಸಿದರೆ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನೆತ್ತಿ ಬೋಳಿಸಿದರೆ ದುರ್ಬಲವಾದ ಚಿಗುರು ಒತ್ತಾಗಿ ಬಂದು ಮುಂದೆ ಅದೇ ಗಾಳಿಗೆ ಮುರಿಯುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ಲೈನ್ ಬಂದು ಮಾಡುವವರೆಗೆ ಯಾರನ್ನೂ ಮರ ಹತ್ತಿಸಬೇಡಿ.

"ಗಿಡ ಸತ್ತದ, ಬೀಳ್ತದ" ಎಂಬ ದೂರನ್ನೂ ಪರೀಕ್ಷಿಸಿಯೇ ನಂಬಬೇಕು. 2021ರ ಕೊನೆಯಲ್ಲಿ ತೆಲಂಗಾಣದ ತುಂಬ ಬೇವಿನ ಮರಗಳ ತುದಿ ಒಣಗಿ ಜನ ಗಾಬರಿಯಾದರು. ಅದು ಶಿಲೀಂಧ್ರದಿಂದ ಬರುವ ತುದಿ ಒಣಗು ರೋಗ. ಆಗ ಒಣಗಿ ನಿಂತ ಎಷ್ಟೋ ಮರಗಳು ಮತ್ತೆ ಚಿಗುರಿದವು. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರು, ತೇವ ಕಂಡರೆ ಜೀವ ಇದೆ ಎಂದೇ ತಿಳಿಯಬೇಕು.

ಗೋಡೆಯ ಬಿರುಕು

ಎಲ್ಲಕ್ಕಿಂತ ಕಠಿಣವಾದ ದೂರು, "ನಿಮ್ಮ ಗಿಡದ ಬೇರಿನಿಂದ ನಮ್ಮ ಗೋಡಿ ಸೀಳ್ಯದ" ಎಂಬುದು. ಇದು ನಿಜವಿರಬಹುದು, ಇಲ್ಲದೆಯೂ ಇರಬಹುದು. ನಮ್ಮ ಸೀಮೆಯ ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರವೇ ಇಲ್ಲದ ಕಡೆಯೂ ಗೋಡೆ ಬಿರಿಯುವುದುಂಟು. ಹತ್ತಿರದ ದೊಡ್ಡ ಮರ ನೆಲದ ತೇವ ಹೀರಿ ಈ ಕುಗ್ಗುವಿಕೆಯನ್ನು ಹೆಚ್ಚಿಸುವುದೂ ನಿಜ. ಬಿರುಕಿನ ಎರಡು ತುದಿಗೆ ಗೆರೆ ಎಳೆದು ತಾರೀಖು ಬರೆಯಿರಿ, ಅಗಲವನ್ನು ಅಳೆದಿಡಿ. ಬೇಸಿಗೆಯಲ್ಲಿ ಅಗಲವಾಗಿ ಮಳೆಯಲ್ಲಿ ಕಿರಿದಾದರೆ ಅದು ಮಣ್ಣಿನ ಆಟ. ನೆಲಕ್ಕೆ ಹಾಸಿದ ತಾಂಡೂರಿನ ಫರಸಿ ಕಲ್ಲು ಒಂದೇ ಸಾಲಿನಲ್ಲಿ ಮೇಲೆದ್ದಿದ್ದರೆ ಬೇರನ್ನು ಶಂಕಿಸಬಹುದು. ಕಲ್ಲು ಎತ್ತಿಸಿ ಇಬ್ಬರೂ ಕಣ್ಣಾರೆ ನೋಡಿ.

ಆತುರದಿಂದ ಒಂದು ಕಡೆಯ ಬೇರನ್ನೆಲ್ಲ ಕಡಿಸಿದರೆ ಮರ ಇನ್ನೊಂದು ಕಡೆಗೆ ಉರುಳಬಹುದು. ಎರೆಮಣ್ಣಿನಲ್ಲಿ ದೊಡ್ಡ ಮರವನ್ನು ಒಮ್ಮೆಲೇ ತೆಗೆದರೆ, ಅದು ಹೀರುತ್ತಿದ್ದ ನೀರು ನೆಲದಲ್ಲೇ ಉಳಿದು ಮಣ್ಣು ಉಬ್ಬಿ ಗೋಡೆ ಮತ್ತೆ ಬಿರಿಯಬಹುದು. ಆದ್ದರಿಂದ ಒಬ್ಬ ಇಂಜಿನಿಯರನ್ನು ಇಬ್ಬರೂ ಸೇರಿ ಕರೆಸುವುದು ಉತ್ತಮ. ಒಬ್ಬರೇ ಕರೆಸಿದರೆ ಆತ ಹೇಳಿದ್ದನ್ನು ಇನ್ನೊಬ್ಬರು ನಂಬುವುದಿಲ್ಲ.

ಕಾನೂನು ಏನೆನ್ನುತ್ತದೆ?

ಗಡಿ ದಾಟಿ ಬಂದ ಕೊಂಬೆಯನ್ನು ನೆರೆಯವರು ತಮ್ಮ ಗಡಿಯವರೆಗೆ ಕತ್ತರಿಸಿಕೊಳ್ಳಬಹುದು ಎಂಬುದು ಹಳೆಯ ನ್ಯಾಯ. ನಮ್ಮ ಜಾಗಕ್ಕೆ ಕಾಲಿಡದಿದ್ದರೆ ಮುನ್ಸೂಚನೆಯೂ ಬೇಡವೆಂದು ಇಂಗ್ಲೆಂಡಿನ ಲೆಮನ್ ವಿರುದ್ಧ ವೆಬ್ ಎಂಬ ಮೊಕದ್ದಮೆಯಲ್ಲಿ 1890ರ ದಶಕದಲ್ಲಿಯೇ ತೀರ್ಪಾಗಿದೆ. ಆದರೆ ಕತ್ತರಿಸಿದ ಕಟ್ಟಿಗೆ, ಹಣ್ಣು ಮರದ ಒಡೆಯನದೇ. ಇಡೀ ಮರ ಕಡಿಯುವುದು ಬೇರೆ ಮಾತು. 2002ರ ನೀರು, ಭೂಮಿ ಮತ್ತು ಮರಗಳ ಕಾಯ್ದೆ (ಜನ ಕರೆಯುವ ಹೆಸರು 'ವಾಲ್ಟಾ') ತೆಲಂಗಾಣದಲ್ಲಿಯೂ ಜಾರಿಯಲ್ಲಿದೆ. ಅದರ ಪ್ರಕಾರ ನಮ್ಮ ಹಿತ್ತಲ ಮರಕ್ಕೂ ಮೊದಲೇ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇರುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಬೀದರ, ಕಲಬುರಗಿಯಲ್ಲಿರುವ ನಮ್ಮ ಬೀಗರಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಬೀಳುವ ಸ್ಥಿತಿಯ ಮರದಿಂದ ಜನರಿಗೆ ಅಪಾಯವಿದ್ದರೆ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಾಗಿದೆ. ಅಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಮರವನ್ನು ತೆಗೆಯಬೇಕು ಎಂದಷ್ಟೇ ಕಾನೂನು ಹೇಳುವುದಿಲ್ಲ. ತೆಗೆಯಬೇಕು ಇಲ್ಲವೇ ಆಧಾರ ಕೊಡಬೇಕು ಎನ್ನುತ್ತದೆ.

ಆಧಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಹಬೂಬನಗರದ ಪಿಲ್ಲಲಮರ್ರಿಯೇ ಸಾಕ್ಷಿ. ಏಳು ನೂರು ವರ್ಷದ್ದೆಂದು ಹೇಳುವ ಆ ಆಲದಮರದ ದೊಡ್ಡ ಕೊಂಬೆ 2017ರ ಡಿಸೆಂಬರಿನಲ್ಲಿ ಮುರಿದು ಬಿತ್ತು. ಒಳಗೆ ಗೆದ್ದಲು ಹತ್ತಿತ್ತು. 2018ರಲ್ಲಿ ರೋಗಿಗೆ ಸಲೈನ್ ಏರಿಸುವಂತೆ ಹನಿಹನಿಯಾಗಿ ಔಷಧ ಕೊಟ್ಟು, ಭಾರದ ಕೊಂಬೆಗಳಿಗೆ ಕಂಬಗಳ ಆಸರೆ ಕೊಟ್ಟು ಅದನ್ನು ಉಳಿಸಿದರು.

ದೂರನ್ನು ಬಗೆಹರಿಸದೆ ಎಳೆಯುತ್ತ ಹೋದರೆ ಏನಾಗುತ್ತದೆ ಎಂಬುದು ತಾಂಡೂರಿನವರಿಗೆ ಹೇಳಬೇಕಾಗಿಲ್ಲ. ಹೈದರಾಬಾದಿಗೆ ಹೋಗುವ ಚೇವೆಳ್ಳ ದಾರಿಯ ಆಲದಮರಗಳ ಸಾಲು ಉಳಿಯಬೇಕು ಎಂದು ಒಂದು ಕಡೆಯವರು, ರಸ್ತೆ ಅಗಲವಾಗಬೇಕು ಎಂದು ಇನ್ನೊಂದು ಕಡೆಯವರು. ಮಾತು ಹಸಿರು ನ್ಯಾಯಾಧಿಕರಣದವರೆಗೆ ಹೋಗಿ ವರುಷಗಳು ಕಳೆದವು. ಕಿರಿದಾದ ಆ ರಸ್ತೆಯಲ್ಲಿ 2025ರ ನವೆಂಬರ್ 3ರ ಬೆಳಿಗ್ಗೆ ತಾಂಡೂರಿನಿಂದ ಹೊರಟ ಬಸ್ಸಿಗೆ ಕಂಕರ್ ತುಂಬಿದ ಟಿಪ್ಪರ್ ಅಪ್ಪಳಿಸಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮರಗಳ ತಪ್ಪೆಂದು ಹೇಳುವುದು ನ್ಯಾಯವಲ್ಲ, ಮರ ಉಳಿಸಬೇಕೆಂದವರ ತಪ್ಪೆಂದು ಹೇಳುವುದೂ ನ್ಯಾಯವಲ್ಲ. ಮರವನ್ನೂ ಜನರನ್ನೂ ಉಳಿಸುವ ದಾರಿಯನ್ನು ಎಲ್ಲರೂ ಕೂಡಿ ಬೇಗ ಹುಡುಕಬೇಕಿತ್ತು. ಹಿತ್ತಲ ಮರಕ್ಕೂ ಇದೇ ಮಾತು ಸಲ್ಲುತ್ತದೆ.

ಚೀಟಿಯಲ್ಲಿ ಬರೆದಿಡಿ

ನಾವು ಲೆಕ್ಕ ಬರೆಯುವ ಜನ. ಹತ್ತು ರೂಪಾಯಿಯ ಉದ್ರಿಯನ್ನೂ ಖಾತೆಗೆ ಹಾಕುತ್ತೇವೆ. ಮರದ ಮಾತನ್ನು ಮಾತ್ರ ಬಾಯಿಮಾತಿನಲ್ಲಿ ಬಿಡುತ್ತೇವೆ. ಯಾವ ಕೊಂಬೆ ತೆಗೆಯುವುದು, ಯಾವ ತಿಂಗಳಲ್ಲಿ, ಖರ್ಚು ಯಾರದು, ಕಟ್ಟಿಗೆ ಯಾರಿಗೆ, ಮುಂದಿನ ಬಾರಿ ಯಾವಾಗ ನೋಡುವುದು, ಈ ಐದು ಮಾತನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮಕ್ಕಳ ಕಾಲಕ್ಕೂ ಅದು ಉಪಯೋಗಕ್ಕೆ ಬರುತ್ತದೆ. ಒಮ್ಮೆ ದೂರು ಬಂದ ಮೇಲೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಬರುವುದಿಲ್ಲ ಎಂಬುದೂ ನೆನಪಿರಲಿ. ಮಾತು ಹೊಂದದಿದ್ದರೆ ಕೋರ್ಟಿಗೆ ಹೋಗುವ ಮುಂಚೆ ಲೋಕ ಅದಾಲತ್ ಇದೆ. ದಾವೆ ಹೂಡದೆಯೇ ಅಲ್ಲಿ ರಾಜಿ ಮಾಡಿಕೊಳ್ಳಬಹುದು. ಅದರ ತೀರ್ಪಿನ ಮೇಲೆ ಅಪೀಲು ಇಲ್ಲ.

ಕಾಂಡ ಪೊಳ್ಳಾಗಿದ್ದರೆ, ಬುಡದಲ್ಲಿ ಅಣಬೆ ಎದ್ದಿದ್ದರೆ, ಹಿಂದಿಲ್ಲದ ವಾಲಿಕೆ ಹೊಸದಾಗಿ ಕಂಡರೆ, ಬುಡದ ಮಣ್ಣು ಒಂದು ಕಡೆ ಎದ್ದಿದ್ದರೆ ತಿಳಿದವರಿಗೆ ತೋರಿಸಿ. ಆಸರೆಯೂ ಸಾಲದೆಂದಾದರೆ ಮರ ಹೋಗಲೇಬೇಕು. ಆಗ ಅನುಮತಿ ಪಡೆದು, ಅನಿವಾರ್ಯವೆಂಬ ಅರಿವಿನಿಂದ ತೆಗೆಸಿ, ಬೇರೆ ಕಡೆ ಸಸಿ ನೆಡಿ. ಗೋಡೆಯ ಹತ್ತಿರ ಕರಿಬೇವು, ದಾಳಿಂಬೆ, ಸೀತಾಫಲದಂಥ ಸಣ್ಣ ಗಿಡಗಳೇ ಸಾಕು. ಸಾಧ್ಯವಾದರೆ ಆ ಸಸಿಯನ್ನು ದೂರು ತಂದ ನೆರೆಯವರ ಕೈಯಿಂದಲೇ ನೆಡಿಸಿ.

ಆದಿನಾಥ ಸ್ವಾಮಿಗೆ ಕೇವಲಜ್ಞಾನವಾದದ್ದು ಆಲದಮರದ ಕೆಳಗೆ, ಮಹಾವೀರ ಸ್ವಾಮಿಗೆ ಸಾಲವೃಕ್ಷದ ಕೆಳಗೆ. ಮರದ ಮೇಲೆ ನಮ್ಮ ಮನೆಗಳಲ್ಲಿ ಇರುವ ಗೌರವ ಅಷ್ಟು ಹಳೆಯದು. ಪರ್ಯುಷಣ ಮುಗಿದು ಕ್ಷಮಾವಣಿಯ ದಿನ ದೂರದ ಊರಿನ ಬಂಧುಗಳಿಗೂ ಕ್ಷಮೆ ಕೇಳುತ್ತೇವೆ. ಗೋಡೆಯಾಚೆಯ ಮನೆಗೂ ಅಂದು ಒಮ್ಮೆ ಹೋಗಿ, ಮಾಳಿಗೆಯ ಮೇಲೆ ಎಲೆ ಎಷ್ಟು ಬಿದ್ದಿದೆ ಎಂದು ನಾವೇ ವಿಚಾರಿಸಿದರೆ ಮುಂದಿನ ದೂರು ಬಾಗಿಲಿಗೆ ಬರುವ ಮೊದಲೇ ಬಗೆಹರಿದೀತು.