ಮರಿಮೀನು ಹೆದರೋದನ್ನೇ ಮರೆತರೆ?

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಕೃಷಿ ಹೊಂಡಕ್ಕೆ ಸಾವಿರ ಮೀನುಮರಿ ಬಿಟ್ಟೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಸೇರಿಸಿ. ನಮ್ಮ ಹೊಲ ಇರೋದು ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗೋ ದಾರಿಯಲ್ಲಿ. ಹೊಂಡದ ಮೇಲ್ಗಡೆ ಟೊಮೆಟೊ, ಅದಕ್ಕೆ ಮಲ್ಚಿಂಗ್ ಪೇಪರ್. ಬೇಸಿಗೆಗೆ ಬಲೆ ಎಳೆದರೆ ಸಿಕ್ಕಿದ್ದು ಅರ್ಧಕ್ಕೂ ಕಡಿಮೆ. ಸತ್ತು ತೇಲಿದ್ದು ನಾಲ್ಕೈದೇ. ಉಳಿದವು ಎಲ್ಲಿ ಹೋದವು?

ಆಗ ದಿನಾ ದಂಡೆ ಮೇಲೆ ಕೂರುತ್ತಿದ್ದ ನೀರುಕಾಗೆಗಳು ನೆನಪಾದವು. ಅವತ್ತು ಸಾರಿಗೆ ಮೀನು ಕೊಯ್ಯುವಾಗ ಅಮ್ಮ ಕರೆದು ತೋರಿಸಿದರು. ಒಂದರ ಕರುಳಲ್ಲಿ ನೀಲಿ ಎಳೆ. ನಾವು ಟೊಮೆಟೊ ಗಿಡ ಕಟ್ಟೋ ಹುರಿಯದ್ದೇ ಬಣ್ಣ.

ಆ ಎಳೆಯಿಂದಲೇ ಮರಿ ಹೋದವು ಅಂತ ನಾನು ಹೇಳಲಾರೆ. ಆದರೆ ಅವತ್ತಿಂದ ಈ ವಿಷಯ ಹುಡುಕಿ ಓದುತ್ತಿದ್ದೇನೆ. ತಿಳಿದಿದ್ದು ಇಷ್ಟು.

ಚೂರು ಎಲ್ಲಿಂದ ಬರುತ್ತೆ?

5 ಮಿಲಿಮೀಟರ್‌ಗಿಂತ ಸಣ್ಣ ಪ್ಲಾಸ್ಟಿಕ್ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರೆ. ನಾವು ಹಾಕೋ ಮಲ್ಚಿಂಗ್ ಪೇಪರ್ ಸಾಮಾನ್ಯವಾಗಿ 20ರಿಂದ 30 ಮೈಕ್ರಾನ್ ದಪ್ಪ. ಬಿಸಿಲಿಗೆ ಒಣಗಿ ಪುಡಿಯಾಗುತ್ತೆ. ಅದರ ಮೇಲೇ ರೋಟವೇಟರ್ ಹೊಡೆದರೆ ಸಾವಿರ ಚೂರು. ಮಳೆ ಬಂದರೆ ಎಲ್ಲ ಹೊಂಡಕ್ಕೆ, ಕೆರೆಗೆ. ನೀರಲ್ಲಿ ಮರಿ ತಿನ್ನೋ ಸೂಕ್ಷ್ಮ ಜೀವಿಗಳ ಜೊತೆ ಇದೂ ಬಾಯಿಗೆ ಹೋಗುತ್ತೆ.

ಮರಿಯ ನಡವಳಿಕೆಗೆ ಏನಾಗುತ್ತೆ?

ಆಸ್ಟ್ರೇಲಿಯಾದ ಹವಳದ ದಿಬ್ಬಗಳಲ್ಲಿ ಮಾಡಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮರಿಮೀನುಗಳಿಗೆ 4 ದಿನದಲ್ಲಿ 6 ಸಲ ಪ್ಲಾಸ್ಟಿಕ್ ಕಣ ತಿನ್ನಿಸಿ ಸಮುದ್ರಕ್ಕೆ ಬಿಟ್ಟರು. ಅವಕ್ಕೆ ಅತಿ ಧೈರ್ಯ ಬಂತು. ಅಡಗೋ ಜಾಗ ಬಿಟ್ಟು ದೂರ ದೂರ ಓಡಾಡಿದವು. ಬದುಕುಳಿದಿದ್ದೂ ಕಡಿಮೆ.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಇನ್ನೂ ಸೂಕ್ಷ್ಮ ಕಣಗಳ ಬಗ್ಗೆ ಬರೆದರು. ಪಾಚಿಯಿಂದ ನೀರುಚಿಗಟಕ್ಕೆ, ಅದರಿಂದ ನಮ್ಮ ಗೆಂಡೆಯ ಸಂಬಂಧಿಯಾದ ಮೀನಿಗೆ ದಾಟಿದ ಕಣಗಳು ಮಿದುಳಿನವರೆಗೂ ಹೋಗಿದ್ದವು. ಆ ಮೀನು ಮೇವು ತಿನ್ನೋದೇ ನಿಧಾನ.

ಒಂದು ಕಡೆ ಅತಿ ಧೈರ್ಯ, ಇನ್ನೊಂದು ಕಡೆ ಮಂಕು. ಮೊದಲನೇದರಲ್ಲಿ ಮರಿ ಹಕ್ಕಿ ಪಾಲು, ಎರಡನೇದರಲ್ಲಿ ತೂಕ ಬರಲ್ಲ. ಎರಡರಲ್ಲೂ ಸತ್ತ ಮೀನು ಕಣ್ಣಿಗೆ ಬೀಳಲ್ಲ, ನಷ್ಟ ಮಾತ್ರ ನಮ್ಮದು.

ನಮ್ಮ ರಾಜ್ಯದ್ದೂ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೊಂಗ್ತೊಂಬ ಅವರ ತಂಡ ಕೆಆರ್‌ಎಸ್ ಬಳಿ ಮೂರು ಜಾಗದ ಕಾವೇರಿ ನೀರು ಪರೀಕ್ಷಿಸಿತು. ನಿಧಾನ ಹರಿಯೋ ನೀರು, ನಿಂತ ನೀರು ತಾಗಿದ ಜೀಬ್ರಾಮೀನಿನ ಭ್ರೂಣಗಳಿಗೆ ಹೃದಯದ ತೊಂದರೆ ಬಂತು, ಸಾವೂ ಹೆಚ್ಚಾಯಿತು. ಅಲ್ಲಿ ಮೈಕ್ರೋಪ್ಲಾಸ್ಟಿಕ್ ಜೊತೆ ಬೇರೆ ವಿಷವೂ ಸಿಕ್ಕಿತ್ತು. ಆದ್ದರಿಂದ ಪ್ಲಾಸ್ಟಿಕ್ ಒಂದನ್ನೇ ದೂರೋ ಹಾಗಿಲ್ಲ. ಆದರೆ ನಿಂತ ನೀರು ಅಂದರೆ ನಮಗೆ ಗಾಬರಿಯಾಗಲೇಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿಯೇ ಇಲ್ಲ. ಕೆಜಿಎಫ್ ಗಣಿಗೆ ನೀರು ಕೊಟ್ಟ ಬೇತಮಂಗಲ ಕೆರೆಯಿಂದ ಹಿಡಿದು ನಮ್ಮ ಹೊಂಡದವರೆಗೆ ಎಲ್ಲವೂ ನಿಂತ ನೀರೇ. ಬಂದ ಚೂರು ಹೊರಗೆ ಹೋಗಲ್ಲ, ಅಲ್ಲೇ ಕೂರುತ್ತೆ.

ವಾಟ್ಸಾಪ್ ನಂಬೋ ಮುಂಚೆ

'ಮರಿಮೀನು ಊಟ ಬಿಟ್ಟು ಪ್ಲಾಸ್ಟಿಕ್ಕನ್ನೇ ತಿನ್ನುತ್ತೆ' ಅನ್ನೋ ಸುದ್ದಿ ನೀವೂ ನೋಡಿರಬಹುದು. 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸ್ವೀಡನ್ನಿನ ಒಂದು ಲೇಖನದಲ್ಲಿ ಹಾಗಿತ್ತು. ಅದರ ಮೂಲ ಅಂಕಿಅಂಶವೇ ಇಲ್ಲ ಅಂತ ಪ್ರಶ್ನೆ ಎದ್ದು, 2017ರಲ್ಲಿ ಲೇಖನ ವಾಪಸ್ ಪಡೆದರು. ಅದನ್ನ ಮುಂದಕ್ಕೆ ಕಳಿಸಬೇಡಿ.

ಹಾಗೇ ಮರಿ ಹೋದ ತಕ್ಷಣ ಪ್ಲಾಸ್ಟಿಕ್ ಅಂತ ತೀರ್ಮಾನ ಮಾಡಬೇಡಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಮೊದಲು ಅದನ್ನ ನೋಡಿ.

ಈ ವರ್ಷ ನಾನು ಮಾಡಿದ್ದು

1. ರೋಟವೇಟರ್ ಹೊಡೆಯೋ ಮುಂಚೆ ಮಲ್ಚಿಂಗ್ ಪೇಪರ್ ಪೂರ್ತಿ ಎಳೆದು ತೆಗೆದೆ. ಎರಡು ಆಳಿನ ಕೂಲಿ ಆಯ್ತು. ಸುಡಲಿಲ್ಲ, ಚೀಲಕ್ಕೆ ತುಂಬಿ ಗುಜರಿಗೆ ಕೊಟ್ಟೆ. ಪೇಪರ್ ತೆಳ್ಳಗಿದ್ದಷ್ಟೂ ಬೇಗ ಹರಿಯುತ್ತೆ, ಕೊಳ್ಳುವಾಗ ಮೈಕ್ರಾನ್ ಕೇಳಿ.

2. ಟೊಮೆಟೊ ಕಟ್ಟೋಕೆ ಸೆಣಬಿನ ಹುರಿ ತಂದೆ.

3. ಹೊಂಡಕ್ಕೆ ನೀರು ಬರೋ ಜಾಗದ ಹೂಳಿನ ಗುಂಡಿ ಸ್ವಚ್ಛ ಮಾಡಿ ಜಾಲರಿ ಕಟ್ಟಿದೆ. ಸೂಕ್ಷ್ಮ ಚೂರು ಇದಕ್ಕೆ ನಿಲ್ಲಲ್ಲ. ದೊಡ್ಡದು ನಿಂತರೆ ಅದು ಒಳಗೆ ಹೋಗಿ ಪುಡಿಯಾಗೋದು ತಪ್ಪುತ್ತೆ.

4. ಗೊಬ್ಬರದ ಚೀಲಕ್ಕೆ ತೂತು ಮಾಡಿ ಮೇವು ನೇತುಹಾಕುತ್ತಿದ್ದೆ. ಬಿಸಿಲಿಗೆ ಆ ಚೀಲದ ನಾರು ಉದುರುತ್ತೆ. ಈಗ ಮೇವನ್ನ ತಟ್ಟೆಯಲ್ಲಿಟ್ಟು ಇಳಿಸ್ತೀನಿ.

5. ಸಣ್ಣ ಮರಿ ಬದಲು ಬೆರಳುದ್ದ ಬಲಿತ ಮರಿ ತಂದೆ. ಮರಿ ಇದ್ದ ಚೀಲವನ್ನ 20 ನಿಮಿಷ ನೀರಲ್ಲಿ ತೇಲಿಬಿಟ್ಟು, ಸಂಜೆ ತಂಪಲ್ಲಿ ಬಿಟ್ಟೆ. ಅಡಗೋಕೆ ಮೂಲೆಯಲ್ಲಿ ಬಿದಿರಿನ ಕೊಂಬೆ ಹಾಕಿದೆ.

ಈಗ ದಿನಾ ಬೆಳಗ್ಗೆ ದಂಡೆ ಮೇಲೆ ನಿಂತು ನೀರಿನ ಮೇಲೆ ಕೈ ಬೀಸ್ತೀನಿ. ನೆರಳು ಬಿದ್ದ ತಕ್ಷಣ ಮರಿಗಳು ಚದುರಿ ಕೆಳಗೆ ಇಳಿಯಬೇಕು. ಸದ್ಯಕ್ಕೆ ಇಳೀತಿವೆ. ಎಷ್ಟು ಉಳಿದಿವೆ ಅನ್ನೋದು ಬೇಸಿಗೆಗೆ ಬಲೆ ಎಳೆದಾಗಲೇ ಗೊತ್ತಾಗೋದು. ಲೆಕ್ಕ ಇದೇ ಜಾಗದಲ್ಲಿ ಬರೀತೀನಿ.