ಊರಿನ ಮುಖ್ಯಾಧಿಕಾರಿ: ಆರಿಸುವ ಹಕ್ಕು ಯಾರದು?

ಊರೊಂದರ ಆಡಳಿತದಲ್ಲಿ ಏನು ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಒಂದು, ತೀರ್ಮಾನವಾದದ್ದನ್ನು ಮಾಡಿ ಮುಗಿಸುವ ಅಧಿಕಾರ ಇನ್ನೊಂದು. ಮೊದಲನೆಯದು ಮತದಾರರು ಚುನಾಯಿಸಿದ ಸದಸ್ಯರ ಸಭೆಗೆ, ಅಂದರೆ ಪುರಸಭೆಯ ಕೌನ್ಸಿಲಿಗೋ ಗ್ರಾಮ ಪಂಚಾಯತ್ ಆಡಳಿತ ಮಂಡಳಿಗೋ ಸೇರಿದ್ದು. ಎರಡನೆಯದು ಆಡಳಿತವನ್ನೇ ವೃತ್ತಿಯಾಗಿ ಹಿಡಿದ, ಸಂಬಳಕ್ಕೆ ದುಡಿಯುವ ಅಧಿಕಾರಿಗೆ ಸೇರಿದ್ದು. ಈ ಅಧಿಕಾರಿಯನ್ನು ಊರೇ ಹುಡುಕಿ ನೇಮಿಸಿಕೊಳ್ಳಬೇಕೋ ಅಥವಾ ಮೇಲಿನ ಸರಕಾರ ಕಳಿಸಿಕೊಡಬೇಕೋ ಎಂಬ ಪ್ರಶ್ನೆಗೆ ಜಗತ್ತಿನ ಬೇರೆ ಬೇರೆ ದೇಶಗಳು ಬೇರೆ ಬೇರೆ ಉತ್ತರ ಕೊಟ್ಟಿವೆ. ಕೊಕ್ಕಡದಂಥ ಊರಿನವರ ದಿನನಿತ್ಯದ ಅನುಭವದಲ್ಲಿ ಆ ಎರಡೂ ಉತ್ತರಗಳು ಒಂದರ ಪಕ್ಕ ಒಂದು ಕಾಣಸಿಗುತ್ತವೆ.

ಕೊಕ್ಕಡ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನ ಒಂದು ಹೋಬಳಿ ಕೇಂದ್ರ. ಅಡಿಕೆ, ರಬ್ಬರ್, ಗೇರು ಬೆಳೆಯುವ, ಸೌತಡ್ಕದ ಬಯಲು ಗಣಪತಿಯ ಕಾರಣ ಹೊರಗಿನವರೂ ಬಲ್ಲ ಊರು. ಇದರ ಆಡಳಿತ ಗ್ರಾಮ ಪಂಚಾಯತ್‌ನದು. ತಾಲೂಕು ಕೇಂದ್ರವಾದ ಬೆಳ್ತಂಗಡಿಗೆ 11 ವಾರ್ಡುಗಳ ಪಟ್ಟಣ ಪಂಚಾಯತ್ ಇದೆ; ಆಚೆಗಿನ ಬಂಟ್ವಾಳ ಮತ್ತು ಮೂಡುಬಿದಿರೆಗಳಲ್ಲಿ ಪುರಸಭೆಗಳಿವೆ. 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಲೆಕ್ಕದಲ್ಲಿ ಸಾಮಾನ್ಯವಾಗಿ 10,000ದಿಂದ 20,000 ಜನರಿರುವ, ಹಳ್ಳಿತನ ಕಳೆದು ಪಟ್ಟಣವಾಗುತ್ತಿರುವ ಊರಿಗೆ ಪಟ್ಟಣ ಪಂಚಾಯತ್, 20,000ದಿಂದ 50,000ದ ವರೆಗೆ ಪುರಸಭೆ, ಅದಕ್ಕೂ ಮೇಲೆ 3 ಲಕ್ಷದ ವರೆಗೆ ನಗರಸಭೆ. 2011ರ ಜನಗಣತಿಯಲ್ಲಿ ಬಂಟ್ವಾಳದ ಜನಸಂಖ್ಯೆ ಸುಮಾರು 40,000, ಮೂಡುಬಿದಿರೆಯದು ಸುಮಾರು 29,000. ಪಟ್ಟಣ ಪಂಚಾಯತ್ ಮತ್ತು ಪುರಸಭೆಗಳ ಆಡಳಿತದ ಚುಕ್ಕಾಣಿ ಹಿಡಿದವರನ್ನು ಮುಖ್ಯಾಧಿಕಾರಿ ಎಂದೂ ನಗರಸಭೆಯಲ್ಲಿ ಪೌರಾಯುಕ್ತ ಎಂದೂ ಕರೆಯುತ್ತಾರೆ. ಗ್ರಾಮ ಪಂಚಾಯತ್‌ನಲ್ಲಿ ಅದೇ ಸ್ಥಾನ ಪಂಚಾಯತ್ ಅಭಿವೃದ್ಧಿ ಅಧಿಕಾರಿಯದು, ಜನರ ಬಾಯಲ್ಲಿ ಪಿಡಿಒ. ಹೆಸರು ಬೇರೆಯಾದರೂ ಇವರೆಲ್ಲರಿಗೂ ಒಂದು ಸಮಾನ ಗುಣವಿದೆ: ಇವರಲ್ಲಿ ಯಾರನ್ನೂ ಊರು ಆರಿಸುವುದಿಲ್ಲ.

ಊರು ತನ್ನ ಆಡಳಿತಗಾರನನ್ನು ತಾನೇ ಆರಿಸುವ ಪದ್ಧತಿ ಕೊಕ್ಕಡದವರಿಗೆ ಅಪರಿಚಿತವೇನಲ್ಲ, ಏಕೆಂದರೆ ಕರಾವಳಿಯ ಹಳ್ಳಿಹಳ್ಳಿಯಲ್ಲಿರುವ ಹಾಲು ಉತ್ಪಾದಕರ ಸಹಕಾರಿ ಸಂಘ ನಡೆಯುವುದೇ ಹಾಗೆ. ಹಾಲು ಹಾಕುವ ಸದಸ್ಯರು ನಿರ್ದೇಶಕರನ್ನು ಚುನಾಯಿಸುತ್ತಾರೆ, ನಿರ್ದೇಶಕರು ಕಾರ್ಯದರ್ಶಿಯನ್ನು ನೇಮಿಸುತ್ತಾರೆ, ಆ ಕಾರ್ಯದರ್ಶಿ ಬೆಳಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನ ಅಂಶ ನೋಡಿ, ಬಿಲ್ಲು ಬರೆಯುತ್ತಾರೆ. ಅಳತೆಯಲ್ಲಿ ತಪ್ಪು ಕಂಡರೆ ದೂರು ಹೋಗಬೇಕಾದ ಬಾಗಿಲು ಯಾವುದೆಂದು ಪ್ರತಿ ಸದಸ್ಯನಿಗೂ ಗೊತ್ತು. ಸಿ.ಎ. ಬ್ಯಾಂಕ್ ಎಂದೇ ಜನ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದಲ್ಲಿಯೂ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಉತ್ತರ ಹೇಳಬೇಕಾದದ್ದು, ಸಹಕಾರ ಇಲಾಖೆಯ ನಿಯಮಗಳಿಗೆ ಒಳಪಟ್ಟು, ಆಡಳಿತ ಮಂಡಳಿಗೆ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊ, ಕರ್ನಾಟಕ ಕೇರಳಗಳ ಅಡಿಕೆ ಬೆಳೆಗಾರರ ಸಂಸ್ಥೆಯಾಗಿ, ಬೆಳೆಗಾರರೇ ಚುನಾಯಿಸಿದ ಮಂಡಳಿ ಮೇಲೆ, ವೃತ್ತಿನಿರತ ವ್ಯವಸ್ಥಾಪಕ ನಿರ್ದೇಶಕರು ಅದರ ಕೆಳಗೆ ಎಂಬ ಇದೇ ಕಟ್ಟಿನಲ್ಲಿ ಬೆಳೆಯಿತು. ತನ್ನ ಹಾಲಿನ ಲೆಕ್ಕ ಬರೆಯುವವರನ್ನು ಆರಿಸಬಲ್ಲ ಊರಿಗೆ ತನ್ನ ರಸ್ತೆ, ನೀರು, ಕಸದ ಲೆಕ್ಕ ಬರೆಯುವವರನ್ನು ಆರಿಸುವ ಹಕ್ಕಿಲ್ಲವೆಂಬುದು ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಗಂಭೀರವಾಗಿ ಯೋಚಿಸುವ ಯಾರನ್ನೂ ಕಾಡಬೇಕಾದ ಸಂಗತಿ.

ಸಹಕಾರಿ ಸಂಘದ್ದನ್ನು ಹೋಲುವ ಕಟ್ಟನ್ನು ಪೌರಾಡಳಿತಕ್ಕೆ ತಂದ ದೇಶ ಅಮೆರಿಕ. ಅಲ್ಲಿ ಇದನ್ನು ಕೌನ್ಸಿಲ್–ಮ್ಯಾನೇಜರ್ ಪದ್ಧತಿ ಎನ್ನುತ್ತಾರೆ: ಚುನಾಯಿತ ಕೌನ್ಸಿಲ್ ನೀತಿ ಮತ್ತು ಆಯವ್ಯಯವನ್ನು ನಿರ್ಧರಿಸುತ್ತದೆ, ಅದು ನೇಮಿಸಿದ ಮ್ಯಾನೇಜರ್ ಇಡೀ ಸಿಬ್ಬಂದಿಯನ್ನು ನಡೆಸುತ್ತಾರೆ, ಕೌನ್ಸಿಲಿನ ವಿಶ್ವಾಸ ಕಳೆದುಕೊಂಡ ದಿನ ಹೊರನಡೆಯುತ್ತಾರೆ. 1908ರಲ್ಲಿ ವರ್ಜೀನಿಯಾ ರಾಜ್ಯದ ಸ್ಟಾಂಟನ್ ಎಂಬ ಸಣ್ಣ ಊರು ಚಾರ್ಲ್ಸ್ ಆಶ್‌ಬರ್ನರ್ ಎಂಬ ಎಂಜಿನಿಯರರನ್ನು ಹೀಗೆ ನೇಮಿಸಿಕೊಂಡದ್ದು ಮೊದಲ ಹೆಜ್ಜೆ. ಪದ್ಧತಿ ದೇಶದ ಗಮನ ಸೆಳೆದದ್ದು ಮಾತ್ರ ಒಂದು ನೆರೆಯಿಂದ. 1913ರ ಮಾರ್ಚ್ ತಿಂಗಳಲ್ಲಿ ಒಹಾಯೊ ರಾಜ್ಯದ ಡೇಟನ್ ನಗರ ಮುಳುಗಿತು. ಪರಿಹಾರದ ಹೊತ್ತಿನಲ್ಲಿ ಹಳೆಯ ಆಡಳಿತದ ಅಸಾಮರ್ಥ್ಯ ಬಯಲಾಯಿತು. ಹೊಸ ವ್ಯವಸ್ಥೆಗೆ ಜನ ಮತ ಹಾಕಿದರು. ಪನಾಮಾ ಕಾಲುವೆ ಕಟ್ಟಿಸಿದ ಜಾರ್ಜ್ ಗೋಥಲ್ಸ್ ಅವರನ್ನೇ ಮ್ಯಾನೇಜರ್ ಆಗಿ ಬನ್ನಿರೆಂದು ಆ ಊರು ಕೇಳಿತ್ತು, ಅವರು ಒಪ್ಪಲಿಲ್ಲ. 1914ರಲ್ಲಿ ಸಿನ್ಸಿನಾಟಿಯ ನಗರ ಎಂಜಿನಿಯರ್ ಆಗಿದ್ದ ಹೆನ್ರಿ ವೇಟ್ ಬಂದರು. ನೇತ್ರಾವತಿಯ ದಡದ ಬಂಟ್ವಾಳ, ಪಾಣೆಮಂಗಳೂರುಗಳೂ 1923ರಲ್ಲಿ, ತುಳುವರು ಮಾರಿಬೊಳ್ಳ ಎಂದು ಇಂದಿಗೂ ನೆನೆಯುವ ನೆರೆಗೆ ಸಿಕ್ಕಿ ನಲುಗಿದವು, 1974ರಲ್ಲಿ ಮತ್ತೊಮ್ಮೆ. ಆದರೆ ಇಲ್ಲಿ ನೆರೆ ಇಳಿದ ಮೇಲೆ ಮನೆಗಳು ಎತ್ತರದ ಜಾಗ ಹುಡುಕಿದವೇ ಹೊರತು ಊರಿನ ಆಡಳಿತದ ಕಟ್ಟು ಬದಲಾಗಲಿಲ್ಲ. ಬದಲಿಸುವ ಹಕ್ಕು ಡೇಟನ್ನಿನವರಿಗೆ ಇದ್ದಂತೆ ಬಂಟ್ವಾಳದವರಿಗೆ ಇರಲೂ ಇಲ್ಲ.

ಇಂದು ಅಮೆರಿಕದ ದೊಡ್ಡ ನಗರಗಳ ಹೊರವಲಯದ ಸಣ್ಣ, ಅನುಕೂಲಸ್ಥ ಉಪನಗರಗಳಲ್ಲಿ ಈ ಪದ್ಧತಿ ಬಹುವಾಗಿ ನೆಲೆಯೂರಿದೆ. ಅಂಥ ಊರಿನ ಮ್ಯಾನೇಜರ್ ಹುದ್ದೆ ತೆರವಾದಾಗ ಕೌನ್ಸಿಲ್ ಮೊದಲು ಮಾಡುವ ಕೆಲಸ ಜಾಹೀರಾತು ಕೊಡುವುದಲ್ಲ. ತನ್ನ ಊರಿಗೆ ಮುಂದಿನ ಕೆಲವು ವರ್ಷಗಳಲ್ಲಿ ಬೇಕಾದದ್ದೇನು ಎಂದು ನಿವಾಸಿಗಳನ್ನೂ ಸಿಬ್ಬಂದಿಯನ್ನೂ ಕೇಳಿ, ಅದಕ್ಕೆ ತಕ್ಕ ವ್ಯಕ್ತಿಯ ಲಕ್ಷಣಗಳನ್ನು ಬರೆದಿಡುವುದು. ಹಳೆಯ ಚರಂಡಿಗಳನ್ನು ಬದಲಿಸಬೇಕಾದ ಊರಿಗೆ ಬೇಕಾದವರು ಬೇರೆ, ಜಗಳವಾಡುವ ಸದಸ್ಯರನ್ನು ಒಂದೇ ಮೇಜಿಗೆ ತರಬೇಕಾದ ಊರಿಗೆ ಬೇಕಾದವರು ಬೇರೆ. ಆ ಬಳಿಕ ಅರ್ಜಿ ಕರೆಯುವುದು, ಹುಡುಕಾಟವನ್ನೇ ಕಸುಬಾಗಿಸಿಕೊಂಡ ಸಂಸ್ಥೆಯ ನೆರವು ಪಡೆಯುವುದು, ಅಭ್ಯರ್ಥಿಗಳ ಹಿಂದಿನ ಊರುಗಳಲ್ಲಿ ವಿಚಾರಿಸುವುದು, ಎಷ್ಟೋ ಕಡೆ ಕೊನೆಗೆ ಉಳಿದ ಎರಡು ಮೂರು ಮಂದಿಯನ್ನು ಜನರೆದುರಿಗೆ ಕೂರಿಸುವುದು, ಕೊನೆಯಲ್ಲಿ ಕರಾರು. ಅವಧಿಗೆ ಮೊದಲೇ ಕೈಬಿಟ್ಟರೆ ಕೆಲವು ತಿಂಗಳ ಸಂಬಳ ಕೊಡಬೇಕೆಂಬ ಷರತ್ತು ಈ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲ ಎನ್ನಬೇಕಾದಲ್ಲಿ ಇಲ್ಲ ಎನ್ನುವ ಧೈರ್ಯ ಅಧಿಕಾರಿಗೆ ಬರುವುದು ಈ ಆಸರೆಯಿಂದ. ಮ್ಯಾನೇಜರುಗಳು 1914ರಲ್ಲೇ ಕಟ್ಟಿಕೊಂಡ ವೃತ್ತಿಸಂಘ 1924ರಲ್ಲಿ ನೀತಿಸಂಹಿತೆಯೊಂದನ್ನು ಒಪ್ಪಿತು. ಪಕ್ಷರಾಜಕೀಯದಿಂದ ದೂರವಿರಬೇಕು, ಒಪ್ಪಿಕೊಂಡ ಊರಿನಲ್ಲಿ ಕನಿಷ್ಠ ಎರಡು ವರ್ಷವಾದರೂ ಇರಬೇಕು ಎಂದು ಆ ಸಂಘ ತನ್ನ ಸದಸ್ಯರಿಂದ ನಿರೀಕ್ಷಿಸುತ್ತದೆ.

ಭಾರತದ ದಾರಿ ಬೇರೆಯಾದದ್ದಕ್ಕೆ ವಸಾಹತು ಕಾಲದ ಕಾರಣವಿದೆ. 1888ರ ಮುಂಬೈ ಪೌರ ನಿಗಮ ಕಾಯಿದೆ ಕಾರ್ಯಾಂಗದ ಅಧಿಕಾರವನ್ನೆಲ್ಲ ಸರಕಾರವೇ ನೇಮಿಸುವ ಕಮಿಷನರ್ ಕೈಗೆ ಕೊಟ್ಟಿತು. ಭಾರತೀಯ ಸದಸ್ಯರು ಚರ್ಚಿಸಬಹುದು, ಖರ್ಚಿಗೆ ಒಪ್ಪಿಗೆ ಕೊಡಬಹುದು, ಆದರೆ ಆಳುವ ಕೈ ಸರಕಾರದ್ದೇ ಆಗಿರಬೇಕೆಂಬುದು ಅದರ ಒಳಗಿನ ತರ್ಕ. 1956ರ ವರೆಗೆ ದಕ್ಷಿಣ ಕನ್ನಡ ಸೇರಿದ್ದ ಮದ್ರಾಸಿನ ಕಡೆಯೂ 1930ರ ದಶಕದಲ್ಲಿ ಪೌರಸಭೆಗಳಿಗೆ ಕಮಿಷನರುಗಳು ಬಂದರು. ಸ್ವಾತಂತ್ರ್ಯ ಬಂದರೂ ಈ ತರ್ಕ ಅಳಿಯಲಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಚುನಾವಣೆ, ಮೀಸಲಾತಿ, ಹಣಕಾಸು ಆಯೋಗಗಳನ್ನು ಕಡ್ಡಾಯಗೊಳಿಸಿದವು. ಅಧಿಕಾರಿಯನ್ನು ಯಾರು ನೇಮಿಸಬೇಕೆಂಬುದನ್ನು ರಾಜ್ಯಗಳಿಗೇ ಬಿಟ್ಟವು, ರಾಜ್ಯಗಳು ಅದನ್ನು ತಮ್ಮಲ್ಲೇ ಉಳಿಸಿಕೊಂಡವು.

ಕರ್ನಾಟಕದಲ್ಲಿ ಮುಖ್ಯಾಧಿಕಾರಿಯು ಪೌರಾಡಳಿತ ಸೇವೆಗೆ ಸೇರಿದವರು. ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಬಂದವರಿದ್ದಾರೆ, ಕೆಳಗಿನ ಹುದ್ದೆಗಳಿಂದ ಬಡ್ತಿ ಪಡೆದು ಬಂದವರೂ ಇದ್ದಾರೆ. ಈ ವ್ಯವಸ್ಥೆಯಲ್ಲಿ ನಿಜವಾದ ಒಳ್ಳೆಯದೂ ಇದೆ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಂದವರಿಗೆ ಊರಿನ ಯಾವ ಗುತ್ತಿಗೆದಾರರ ಹಂಗೂ ಇರುವುದಿಲ್ಲ. ಕೌನ್ಸಿಲ್ ಸಭೆಯಲ್ಲಿ ಅವರು ಮಾತನಾಡಬಹುದು, ಮತ ಹಾಕುವಂತಿಲ್ಲ. ಕಾನೂನಿಗೆ ವಿರುದ್ಧವಾದ ನಿರ್ಣಯವಾದರೆ ವಿಷಯ ಜಿಲ್ಲಾಧಿಕಾರಿಯ ವರೆಗೆ ಹೋಗುತ್ತದೆ, ಅಂಥ ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಒಂದಲ್ಲ ಒಂದು ನಂಟಿನವರು. ಕಟ್ಟಡ ಪರವಾನಗಿ, ಉದ್ದಿಮೆ ಪರವಾನಗಿಗಳ ಕಡತಕ್ಕೆ ಸಹಿ ಹಾಕುವವರು ಆ ನಂಟಿನ ಹೊರಗಿನವರಾಗಿರುವುದು ಬಡವನ ಪಾಲಿಗೆ ರಕ್ಷಣೆಯೂ ಹೌದು. ಊರೇ ನೇಮಿಸುವುದಾದರೆ ಬಲಿಷ್ಠರ ಮನೆಯ ಮನುಷ್ಯನೇ ಬಂದು ಕೂರುತ್ತಾನೆ ಎಂಬ ಆತಂಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಮೇಲಿನಿಂದ ಬಂದ ಅಧಿಕಾರಿ ಮೇಲಕ್ಕೇ ಮುಖಮಾಡಿ ಕೂರುವುದು ಈ ವ್ಯವಸ್ಥೆಯ ಇನ್ನೊಂದು ಮುಖ. ವರ್ಗಾವಣೆ ಯಾವಾಗ ಬರುವುದೋ ತಿಳಿಯದು. ಹುದ್ದೆ ಖಾಲಿಯಾದರೆ ಪಕ್ಕದ ಊರಿನವರಿಗೆ ಪ್ರಭಾರ ಕೊಡುತ್ತಾರೆ, ಅಂದರೆ ತಮ್ಮ ಊರಿನ ಜೊತೆಗೆ ಈ ಊರನ್ನೂ ನೋಡಿಕೊಳ್ಳುವ ಹೆಚ್ಚುವರಿ ಹೊಣೆ. ವಾರಕ್ಕೆ ಎರಡು ದಿನ ಇಲ್ಲಿ, ಮೂರು ದಿನ ಅಲ್ಲಿ ಎಂದು ಹಂಚಿಹೋದ ಪಿಡಿಒಗಾಗಿ ಜಾಗದ ನಮೂನೆ 9 ಮತ್ತು 11ರ ದಾಖಲೆ ಬೇಕಾದವರು ಪಂಚಾಯತ್ ಕಚೇರಿಯ ಬೆಂಚಿನ ಮೇಲೆ ಕಾಯುವುದು ಗ್ರಾಮಾಂತರದಲ್ಲಿ ಅಪರೂಪದ ನೋಟವಲ್ಲ. ಚುನಾಯಿತರ ಕಡೆಯೂ ಸ್ಥಿರತೆ ಕಡಿಮೆ: ಪೌರಸಭೆಗಳ ಅಧ್ಯಕ್ಷರ ಅವಧಿ 30 ತಿಂಗಳು ಮಾತ್ರ, 2018ರಲ್ಲಿ ಚುನಾವಣೆ ನಡೆದ ಬಂಟ್ವಾಳ, ಬೆಳ್ತಂಗಡಿ ಮೊದಲಾದ ಕಡೆ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ 2020ರ ವರೆಗೆ ಅಧ್ಯಕ್ಷರೇ ಇರಲಿಲ್ಲ, ಗೆದ್ದ ಸದಸ್ಯರು ಅಧಿಕಾರವಿಲ್ಲದೆ ಕಾದರು. ತೀರ್ಮಾನಿಸುವವರೂ ತಾತ್ಕಾಲಿಕ, ನಡೆಸುವವರೂ ತಾತ್ಕಾಲಿಕ ಎಂದಾದರೆ ಊರಿನ ನೆನಪನ್ನು ಕಾಪಾಡುವವರು ಹಳೆಯ ಗುಮಾಸ್ತರೂ ನೀರು ಬಿಡುವ ಪಂಪು ಚಾಲಕರೂ ಮಾತ್ರ.

ಕರ್ನಾಟಕದೊಳಗೇ ಬೇರೊಂದು ಪ್ರಯೋಗವೂ ನಡೆದಿದೆ. ಸಂವಿಧಾನದ 243ಕ್ಯೂ ವಿಧಿ ಕೈಗಾರಿಕಾ ಪಟ್ಟಣಗಳಿಗೆ ಪೌರಸಭೆಯ ಬದಲು ಪ್ರತ್ಯೇಕ ವ್ಯವಸ್ಥೆ ಮಾಡಲು ಅವಕಾಶ ಕೊಡುತ್ತದೆ. ಅದರ ನೆರಳಿನಲ್ಲಿ 2013ರಲ್ಲಿ ಬೆಂಗಳೂರಿನ ಹೊರವಲಯದ ಎಲೆಕ್ಟ್ರಾನಿಕ್ಸ್ ಸಿಟಿಗೆ, ಎಲ್ಸಿಟಾ ಎಂದು ಕರೆಯಲಾಗುವ ಕೈಗಾರಿಕಾ ಪಟ್ಟಣ ಪ್ರಾಧಿಕಾರ ಬಂತು. ಉದ್ದಿಮೆಗಳ ಪ್ರತಿನಿಧಿಗಳೂ ಸರಕಾರಿ ಅಧಿಕಾರಿಗಳೂ ಕೂಡಿದ ಮಂಡಳಿಯ ಕೆಳಗೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ ದಿನನಿತ್ಯದ ಆಡಳಿತ ನಡೆಸುತ್ತಾರೆ, ಆಸ್ತಿ ತೆರಿಗೆ ಅಲ್ಲೇ ಸಂಗ್ರಹವಾಗಿ ಬಹುಪಾಲು ಅಲ್ಲೇ ಖರ್ಚಾಗುತ್ತದೆ, ರಸ್ತೆಗಳ ಅಂದ ನೋಡಿದವರಿಗೆ ಗೊತ್ತು. ಆದರೆ ಅಲ್ಲಿ ಮತದಾರರು ಚುನಾಯಿಸಿದ ಸಭೆ ಇಲ್ಲ. ವೃತ್ತಿನೈಪುಣ್ಯ ಬಂತು, ಮತ ಹೋಯಿತು. ಕೊಕ್ಕಡದಂಥ ಊರಿಗೆ ಈ ಬೆಲೆ ತೀರ ದುಬಾರಿ.

ದುಬಾರಿ ಏಕೆಂಬುದಕ್ಕೆ ಕೊಕ್ಕಡದ್ದೇ ನಿದರ್ಶನ ಸಾಕು. ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದರ ನೋವನ್ನು ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳು ಹಾಸಿಗೆ ಹಿಡಿದ ಮಕ್ಕಳ ರೂಪದಲ್ಲಿ ಹೊತ್ತಿವೆ. 2011ರಲ್ಲಿ ವಿಷ ನಿಷೇಧವಾಯಿತು, ಕೊಕ್ಕಡದಲ್ಲಿ ಸಂತ್ರಸ್ತರ ಪಾಲನಾ ಕೇಂದ್ರ ತೆರೆಯಿತು. ಅದು ಜನರ ದನಿ, ಹೋರಾಟ, ಮತದ ಒತ್ತಡಗಳಿಂದ ಆದದ್ದು, ಯಾವ ಅಧಿಕಾರಿಯ ನೈಪುಣ್ಯದಿಂದಲೂ ಅಲ್ಲ. ಅದೇ ಹೊತ್ತಿಗೆ, ಪಾಲನಾ ಕೇಂದ್ರಕ್ಕೆ ಬರಲಾರದ ಮಗು ಯಾವ ಗುಡ್ಡದ ಆಚೆಗಿದೆ, ಆ ಮನೆಗೆ ವಾಹನ ಹೋಗುವ ದಾರಿ ಮಳೆಗಾಲದಲ್ಲಿ ಎಲ್ಲಿ ಕಡಿಯುತ್ತದೆ ಎಂಬುದನ್ನು ತಿಳಿದು ದಾರಿಯ ಕಾಮಗಾರಿಯನ್ನು ಕ್ರಿಯಾಯೋಜನೆಯ ಮೊದಲ ಸಾಲಿನಲ್ಲಿ ಬರೆಯಬೇಕಾದವರು ನುರಿತ ಅಧಿಕಾರಿಯೇ. ಆರು ತಿಂಗಳ ಪ್ರಭಾರದಲ್ಲಿ ಈ ತಿಳಿವಳಿಕೆ ಬರುವಂತಿಲ್ಲ.

ಆದ್ದರಿಂದ ಕರ್ನಾಟಕದ ಸಣ್ಣ ಊರುಗಳಿಗೆ ಒಪ್ಪುವ ದಾರಿ ನಡುವಿನದು: ಅರ್ಹತೆಯನ್ನು ಲೋಕಸೇವಾ ಆಯೋಗವೇ ಪರೀಕ್ಷಿಸಲಿ, ಅರ್ಹರಾದ ಕೆಲವರಲ್ಲಿ ಒಬ್ಬರನ್ನು ಕೌನ್ಸಿಲ್ ಬಹಿರಂಗ ಸಂದರ್ಶನದಲ್ಲಿ ಆರಿಸಲಿ, ಆರಿಸಿದ ಮೇಲೆ ಮೂರು ವರ್ಷ ಸಕಾರಣವಿಲ್ಲದೆ ಕದಲಿಸದಿರಲಿ. ಸಂದರ್ಶನದಲ್ಲಿ ಕೇಳಬೇಕಾದ ಪ್ರಶ್ನೆಗಳೂ ಪುಸ್ತಕದವಲ್ಲ. ಹಿಂದಿನ ಊರಿನಲ್ಲಿ ಕಸದ ಘಟಕಕ್ಕೆ ಜಾಗ ಹುಡುಕುವಾಗ ಎದುರಾದ ವಿರೋಧವನ್ನು ಹೇಗೆ ಎದುರಿಸಿದಿರಿ, ಸದಸ್ಯರೊಬ್ಬರು ಒತ್ತಾಯಿಸಿದ ಯಾವ ಬಿಲ್ಲಿಗೆ ಸಹಿ ಹಾಕಲಿಲ್ಲ, ಬೇಸಗೆಯಲ್ಲಿ ನೀರಿನ ಟ್ಯಾಂಕರಿನ ಸರದಿಯನ್ನು ಹೇಗೆ ನಿಗದಿ ಮಾಡಿದಿರಿ ಎಂದು ಕೇಳಿದರೆ ಮನುಷ್ಯ ಎಂಥವರೆಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ತುಳು ಬಾರದವರಾದರೆ ಕಲಿಯುವ ಮನಸ್ಸಿದೆಯೇ ಎಂಬುದೂ ಕೇಳತಕ್ಕ ಪ್ರಶ್ನೆ, ಏಕೆಂದರೆ ಬೆಳ್ತಂಗಡಿಯ ಕಚೇರಿಯ ಕಿಟಕಿಗೆ ಬರುವ ಅಜ್ಜಿ ತನ್ನ ಕಷ್ಟವನ್ನು ತುಳುವಿನಲ್ಲೇ ಹೇಳುತ್ತಾಳೆ.

ಇದಕ್ಕೆ ಕಾನೂನು ಬದಲಾಗಬೇಕು. ಕಾನೂನು ಬದಲಾಗುವ ಮೊದಲೂ ಆಗಬಹುದಾದ ಕೆಲಸವೊಂದಿದೆ. ಅಧಿಕಾರಿಯೊಬ್ಬರು ಹೋಗಿ ಇನ್ನೊಬ್ಬರು ಬಂದಾಗ ಪ್ರಭಾರ ಹಸ್ತಾಂತರದ ಪಟ್ಟಿಯೊಂದಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ನಗದು ಪುಸ್ತಕ, ಚೆಕ್ ಪುಸ್ತಕ, ಅಳತೆ ಪುಸ್ತಕ, ಬೀಗದ ಕೈಗಳು, ನ್ಯಾಯಾಲಯದ ಪ್ರಕರಣಗಳ ಕಡತಗಳು ಅದರಲ್ಲಿ ಇರುತ್ತವೆ. ಯಾವ ಬಾವಿ ಫೆಬ್ರವರಿಯಲ್ಲೇ ಬತ್ತುತ್ತದೆ, ಯಾವ ತೋಡಿನ ಮೋರಿ ಆಟಿ ತಿಂಗಳ ಮಳೆಗೆ ಕಟ್ಟಿಕೊಳ್ಳುತ್ತದೆ, ಯಾವ ಮನೆಯಲ್ಲಿ ಎದ್ದು ನಡೆಯಲಾರದವರು ಇದ್ದಾರೆ ಎಂಬುದು ಆ ಪಟ್ಟಿಯಲ್ಲಿ ಇರುವುದಿಲ್ಲ. ಸಾಮಾನ್ಯ ಸಭೆಯ ಒಂದು ನಿರ್ಣಯ ಸಾಕು: ವಾರ್ಡಿನ ಸದಸ್ಯರು, ಆಶಾ ಕಾರ್ಯಕರ್ತೆಯರು, ಪಂಪು ಚಾಲಕರು ಒಟ್ಟಿಗೆ ಕುಳಿತು ಇದನ್ನೆಲ್ಲ ಬರೆದು, ಪ್ರತಿ ವರ್ಷ ಮಳೆಗಾಲದ ಮುಂಚಿನ ಪತ್ತನಾಜೆಗೆ ಮೊದಲು ತಿದ್ದಿ, ಹಸ್ತಾಂತರದ ಪಟ್ಟಿಯ ಜೊತೆಗೆ ಹೊಸದಾಗಿ ಬಂದವರ ಕೈಗೆ ಮೊದಲ ದಿನವೇ ಕೊಡಬಹುದು.