ದಿನ ಬಿಟ್ಟು ದಿನ ಮಾತ್ರೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಅತ್ತೆಗೆ ಬಿ.ಪಿ. ಇತ್ತು. ಸಕ್ಕರೆ ಕಾಯಿಲೆಯೂ ಇತ್ತು. ದಿನಾ ಮಾತ್ರೆ ನುಂಗಬೇಕು ಅಂತ ಡಾಕ್ಟರು ಹೇಳಿದ್ದರು. ಆದರೆ ಅತ್ತೆ ದಿನ ಬಿಟ್ಟು ದಿನ ನುಂಗುತ್ತಿದ್ದರು. ಯಾಕೆ? ಅಂಗಡಿಯಲ್ಲಿ ಮಾತ್ರೆಗೆ ದುಡ್ಡು ಕೊಡಬೇಕು. ಮಗನ ಹತ್ತಿರ ಕೇಳಲು ಸಂಕೋಚ. "ನನಗೇನು ನೋವಿಲ್ಲ, ಇಷ್ಟು ಸಾಕು ಬಿಡವ್ವ" ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಬಾಯಿ ಸೊಟ್ಟಗಾಯಿತು. ಬಲಗೈ ಎತ್ತಲು ಆಗಲಿಲ್ಲ. ಲಕ್ವ ಹೊಡೆದಿತ್ತು.

ಅದೇ ಮಾತ್ರೆ ಎರಡು ಮೈಲಿ ದೂರದ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ಆ ಮನೆಯವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಆಮೇಲೆ ಹೋಗಿ ವಿಚಾರಿಸಿದೆವು.

ಬಿ.ಪಿ. ಅಂದರೆ ರಕ್ತದ ಒತ್ತಡ. ಅದು ಏರಿದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಮಾತ್ರೆ ಅದನ್ನು ಹಿಡಿದಿಡುತ್ತದೆ, ಅಷ್ಟೇ. ಬಿಟ್ಟರೆ ಮತ್ತೆ ಏರುತ್ತದೆ. ಮಿದುಳಿನ ರಕ್ತನಾಳ ಒಡೆಯಬಹುದು, ಇಲ್ಲವೇ ಕಟ್ಟಿಕೊಳ್ಳಬಹುದು. ಅದೇ ಲಕ್ವ. ಹಾಗಾದಾಗ ಎಣ್ಣೆ ತಿಕ್ಕುತ್ತಾ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಸಕ್ಕರೆ ಕಾಯಿಲೆಯನ್ನು ಹಾಗೇ ಬಿಟ್ಟರೆ ಕಣ್ಣು, ಮೂತ್ರಪಿಂಡ, ಕಾಲು ಕೆಡುತ್ತವೆ.

ಈ ಕಾಯಿಲೆಗಳಿಗಾಗಿ ಕೇಂದ್ರ ಸರ್ಕಾರ 2010ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಅದರಂತೆ 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಕಾಯಿಲೆ ಇದ್ದರೆ ಹೆಸರು ಬರೆದುಕೊಂಡು ಮಾತ್ರೆ ಕೊಡುತ್ತಾರೆ. ದುಡ್ಡಿಲ್ಲ. ಕರ್ನಾಟಕ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿತು. ಮನೆ ಬಾಗಿಲಿಗೇ ಬಂದು ಪರೀಕ್ಷೆ ಮಾಡಿ ಮಾತ್ರೆ ಕೊಡುವ ಯೋಜನೆ ಅದು. ನಡೆಯಲಾಗದ ಹಿರಿಯರು ಮನೆಯಲ್ಲಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

"ಸರ್ಕಾರಿ ಮಾತ್ರೆ ಕೆಲಸ ಮಾಡಲ್ಲ ಕಣಮ್ಮ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಬಣ್ಣ ಬೇರೆ, ಪೊಟ್ಟಣ ಬೇರೆ ಇರಬಹುದು. ಒಳಗಿನ ಔಷಧಿ ಅದೇ. ಬಿ.ಪಿ.ಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಅಂತ ಹೆಸರು. ಸಕ್ಕರೆಗೆ ಮೆಟ್‌ಫಾರ್ಮಿನ್. ಅಂಗಡಿಯವನು ಇವನ್ನೇ ಬೇರೆ ಬೇರೆ ಕಂಪನಿ ಹೆಸರಲ್ಲಿ ಮಾರುತ್ತಾನೆ.

ಇಲ್ಲಿ ಒಂದು ಅಪಾಯ ಇದೆ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯನ್ನೂ ನುಂಗಿ, ಅಂಗಡಿಯಿಂದ ತಂದದ್ದನ್ನೂ ನುಂಗುವವರಿದ್ದಾರೆ. ಹೆಸರು ಬೇರೆ ಅಂತ ತಿಳಿದುಕೊಂಡು ಒಂದೇ ಔಷಧಿಯನ್ನು ಎರಡು ಪಾಲು ನುಂಗಿದ ಹಾಗಾಯಿತು. ತಲೆ ಸುತ್ತಿ ಬೀಳಬಹುದು. ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಮನೆಯಲ್ಲಿರುವ ಹಳೇ ಮಾತ್ರೆ ಶೀಟುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಡಾಕ್ಟರಿಗೆ ತೋರಿಸಿ.

ಶೀಟಿನ ಮೇಲಿನ ಹೆಸರು ಇಂಗ್ಲಿಷಿನಲ್ಲಿರುತ್ತದೆ. ಹೆದರಬೇಡಿ, ಅಂಕಿ ಓದಲು ನಮಗೆ ಬರುತ್ತದಲ್ಲ. ಹೆಸರಿನ ಪಕ್ಕ 5 ಅಂತ ಇದೆಯೋ 10 ಅಂತ ಇದೆಯೋ ನೋಡಿ. ಹೋದ ತಿಂಗಳು 5 ಇದ್ದು ಈ ತಿಂಗಳು 10 ಇದ್ದರೆ ಯಾಕೆ ಅಂತ ಕೇಳಿ. ಔಷಧಿ ಕೊಡುವವರ ಹತ್ತಿರ ಚೀಟಿಯಲ್ಲಿ ಕನ್ನಡದಲ್ಲಿ ಬರೆಸಿಕೊಳ್ಳಿ: ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಊಟಕ್ಕೆ ಮೊದಲೋ ಆಮೇಲೋ.

ಕೆಲವು ಸಲ ಆಸ್ಪತ್ರೆಯಲ್ಲಿ ಮಾತ್ರೆ ಮುಗಿದಿರುತ್ತದೆ. "ಇಲ್ಲ, ಹೊರಗೆ ತಗೊಳ್ಳಿ" ಅನ್ನುತ್ತಾರೆ. ಹೀಗಾಗಬಾರದು, ಆದರೆ ಆಗುತ್ತದೆ. ಆಗ ಜನೌಷಧಿ ಅಂಗಡಿ ಹುಡುಕಿ. ಇದು 2008ರಲ್ಲಿ ಶುರುವಾದ ಯೋಜನೆ. ಅಲ್ಲಿ ಅರ್ಧ ಬೆಲೆಗೆ, ಅದಕ್ಕಿಂತ ಕಡಿಮೆಗೂ ಮಾತ್ರೆ ಸಿಗುತ್ತದೆ.

ಇನ್ನು ಆಯುಷ್ಮಾನ್ ಕಾರ್ಡು. ಅದನ್ನು ಔಷಧಿ ಅಂಗಡಿಯಲ್ಲಿ ತೋರಿಸಿದರೆ ಮಾತ್ರೆ ಕೊಡುವುದಿಲ್ಲ. ಅದು ಆಸ್ಪತ್ರೆಗೆ ಸೇರಿದಾಗ ಆಗುವ ಖರ್ಚಿಗೆ. ದಿನದ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೇ ಹೋಗಬೇಕು.

ಆ ಅಕ್ಕನ ಅತ್ತೆ ಈಗ ಕೋಲು ಹಿಡಿದು ಅಂಗಳದ ತನಕ ನಡೆಯುತ್ತಾರೆ. ಮಾತ್ರೆಯನ್ನು ಸೊಸೆಯೇ ಅಂಕಿ ನೋಡಿ ಕೈಗೆ ಕೊಡುತ್ತಾರೆ. ಶೀಟಿನಲ್ಲಿ ನಾಲ್ಕು ಮಾತ್ರೆ ಉಳಿದಿರುವಾಗಲೇ ಆಸ್ಪತ್ರೆಗೆ ಹೊರಡುತ್ತಾರೆ.